ಸೆಮಿಕೋಲನ್ ಜಗಳ ಯಂತ್ರಕ್ಕೆ ಬಿಡಿ, ಹೆಸರಿನ ಜಗಳ ನೀವೇ ಆಡಿ

ಪ್ರಶ್ನೆ: ನಾವು ಮೂವರು ಗೆಳೆಯರು ಹಾಲಿನ ಸಂಘಗಳಿಗಾಗಿ ಒಂದು ವೆಬ್ ಆ್ಯಪ್ ಕಟ್ಟುತ್ತಿದ್ದೇವೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಎಷ್ಟು ದುಡ್ಡು ಕೊಡಬೇಕು ಎಂಬ ಲೆಕ್ಕ, ಪೂರ್ತಿ ಕನ್ನಡದಲ್ಲಿ. ಪರದೆಗೆ ರಿಯಾಕ್ಟ್, ಸರ್ವರ್‌ಗೆ ನೋಡ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಬಳಸಿದ್ದೇವೆ. ಒಬ್ಬನದು ವಿಂಡೋಸ್, ಒಬ್ಬನದು ಮ್ಯಾಕ್, ನನ್ನದು ಉಬುಂಟು. ಒಂದು ಸಾಲು ತಿದ್ದಿದರೂ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸುವ ಮುನ್ನ ಉಳಿದವರು ನೋಡುವ ಕೋರಿಕೆ) ಇಡೀ ಫೈಲ್ ಬದಲಾದ ಹಾಗೆ ಕಾಣುತ್ತದೆ. ಸೆಮಿಕೋಲನ್ ಬೇಕೋ ಬೇಡವೋ ಎಂದು ವಾರಕ್ಕೊಮ್ಮೆ ಜಗಳ. ಮ್ಯಾಕ್‌ನಲ್ಲಿ ಓಡುವ ಕೋಡ್ ಸರ್ವರ್‌ನಲ್ಲಿ ಓಡುವುದಿಲ್ಲ. ಮುಂದಿನ ತಿಂಗಳು ನಾಲ್ಕನೆಯವರೊಬ್ಬರು ಸೇರುತ್ತಾರೆ. ಇದನ್ನೆಲ್ಲ ಸರಿ ಮಾಡುವುದು ಹೇಗೆ? ಟೈಪ್‌ಸ್ಕ್ರಿಪ್ಟ್‌ಗೂ (ಮೌಲ್ಯಗಳ ಬಗೆಯನ್ನು ಮೊದಲೇ ತಾಳೆ ನೋಡುವ ಜಾವಾಸ್ಕ್ರಿಪ್ಟ್‌ಗೆ) ಹೋಗಬೇಕಾ?

ಉತ್ತರ: ಎಲ್ಲ ಸರಿ ಮಾಡಬಹುದು. ಆ್ಯಪ್ ಬಿಸಾಕಿ ಮೊದಲಿನಿಂದ ಬರೆಯುವ ಯೋಚನೆ ಮಾತ್ರ ಬೇಡ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ರೋಗ ಒಟ್ಟಿಗೆ ಸೇರಿಕೊಂಡಿವೆ. ಒಂದು ಯಂತ್ರ ನೋಡಿಕೊಳ್ಳಬಹುದಾದದ್ದು: ಸ್ಪೇಸ್, ಸೆಮಿಕೋಲನ್, ಸಾಲಿನ ಕೊನೆ, ಆವೃತ್ತಿ. ಇನ್ನೊಂದು ಯಂತ್ರಕ್ಕೆ ಅರ್ಥವೇ ಆಗದ್ದು: ಹೆಸರು, ದುಡ್ಡು, ದಿನಾಂಕ. ಹೆಚ್ಚಿನ ತಂಡಗಳು ಮೊದಲನೆಯದರ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಎರಡನೆಯದರ ಬಗ್ಗೆ ಮಾತಾಡುವುದೇ ಇಲ್ಲ. ನೀವು ಉಲ್ಟಾ ಮಾಡಿ.

ಮೊದಲು ಆ ಇಡೀ ಫೈಲ್ ಬದಲಾಗುವ ಕಾಟ. ಇದು ಬಹುಪಾಲು ಸಾಲಿನ ಕೊನೆಯ ಸಮಸ್ಯೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಸಿಆರ್, ಎಲ್‌ಎಫ್ ಎಂಬ ಎರಡು ಕಾಣದ ಗುರುತು ಹಾಕುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ಎಲ್‌ಎಫ್ ಒಂದನ್ನೇ ಹಾಕುತ್ತವೆ. ಕಣ್ಣಿಗೆ ಎರಡೂ ಒಂದೇ, ಕೋಡ್ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ಗೆ ಮಾತ್ರ ಪ್ರತಿ ಸಾಲೂ ಬೇರೆ. ಊಹೆ ಮಾಡಬೇಡಿ, ನೋಡಿಬಿಡಿ. ಗಿಟ್‌ನ ಎಲ್‌ಎಸ್-ಫೈಲ್ಸ್ ಆಜ್ಞೆಯನ್ನು ಇಒಎಲ್ ಆಯ್ಕೆಯ ಜೊತೆ ಓಡಿಸಿ. ಪ್ರತಿ ಫೈಲಿಗೂ ಒಂದು ಸಾಲು ಬರುತ್ತದೆ. ಎಡಗಡೆ ಐ ಎಂದು ಶುರುವಾಗುವುದು ಗಿಟ್‌ನ ಒಳಗೆ ಏನಿದೆ ಎಂಬುದು, ಅದರ ಪಕ್ಕದಲ್ಲಿ ಡಬ್ಲ್ಯೂ ಎಂದಿರುವುದು ನಿಮ್ಮ ಡಿಸ್ಕ್‌ನಲ್ಲಿ ಏನಿದೆ ಎಂಬುದು. ಐ ಪಕ್ಕದಲ್ಲಿ ಸಿಆರ್‌ಎಲ್‌ಎಫ್ ಅಥವಾ ಮಿಕ್ಸೆಡ್ ಎಂದು ಕಂಡರೆ ಕಳ್ಳ ಸಿಕ್ಕಿಬಿದ್ದ.

ಇದಕ್ಕೆ ಔಷಧಿ ಒಂದೇ ಸಾಲು. ಪ್ರಾಜೆಕ್ಟ್‌ನ ಬೇರಿನಲ್ಲಿ ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಎಂಬ ಫೈಲ್ ಮಾಡಿ. ನಕ್ಷತ್ರದ ಗುರುತು ಹಾಕಿ, ಟೆಕ್ಸ್ಟ್ ಆಟೋ, ಇಒಎಲ್ ಎಲ್‌ಎಫ್ ಎಂದು ಬರೆಯಿರಿ. ಆಮೇಲೆ ಗಿಟ್ ಆ್ಯಡ್ ಆಜ್ಞೆಗೆ ರೀನಾರ್ಮಲೈಜ್ ಆಯ್ಕೆ ಕೊಟ್ಟು ಇಡೀ ಪ್ರಾಜೆಕ್ಟ್ ಮೇಲೆ ಓಡಿಸಿ ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿ. ಒಬ್ಬೊಬ್ಬರೂ ತಮ್ಮ ಯಂತ್ರದಲ್ಲಿ ಸಾಲಿನ ಕೊನೆಯನ್ನು ಮಾರ್ಪಡಿಸುವ ಗಿಟ್‌ನ ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗ್ ಬದಲಿಸಿಕೊಳ್ಳಲಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹೇಳಿದರೆ ಸಾಲದು. ನಾಲ್ಕನೆಯವರು ಬಂದ ದಿನ ಆ ಮೆಸೇಜ್ ಯಾರಿಗೂ ನೆನಪಿರಲ್ಲ. ನಿಯಮ ರೆಪೊಸಿಟರಿಯ, ಅಂದರೆ ಎಲ್ಲರೂ ಹಂಚಿಕೊಳ್ಳುವ ಕೋಡ್ ಕಣಜದ, ಒಳಗೇ ಇರಬೇಕು. ಈ ಮಾತು ಇಲ್ಲಿಂದ ಮುಂದಿನ ಎಲ್ಲದಕ್ಕೂ ಅನ್ವಯಿಸುತ್ತದೆ.

ಮ್ಯಾಕ್‌ನಲ್ಲಿ ಓಡುವುದು ಸರ್ವರ್‌ನಲ್ಲಿ ಏಕೆ ಓಡುವುದಿಲ್ಲ? ಎರಡು ಕಾರಣ ಇರಬಹುದು. ಮೊದಲನೆಯದು ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ. ಮೆಂಬರ್‌ಕಾರ್ಡ್ ಎಂಬ ಫೈಲಿನ ಎಂ ಅಕ್ಷರವನ್ನು ಒಬ್ಬರು ದೊಡ್ಡದು ಮಾಡಿ ಇಟ್ಟಿರುತ್ತಾರೆ, ಇನ್ನೊಬ್ಬರು ಸಣ್ಣ ಎಂ ಹಾಕಿ ಇಂಪೋರ್ಟ್ ಮಾಡಿರುತ್ತಾರೆ. ವಿಂಡೋಸ್ ಮತ್ತು ಮ್ಯಾಕ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎರಡನ್ನೂ ಒಂದೇ ಎಂದುಕೊಳ್ಳುತ್ತವೆ. ಲಿನಕ್ಸ್ ಒಪ್ಪಲ್ಲ. ಅದಕ್ಕೇ ಇಂಥ ತಪ್ಪು ಮ್ಯಾಕ್‌ನಲ್ಲಿ ತೆಪ್ಪಗಿದ್ದು ಸರ್ವರ್‌ನಲ್ಲಿ ಬಾಯಿ ಬಿಡುತ್ತದೆ. ಫೈಲ್ ಹೆಸರೆಲ್ಲ ಸಣ್ಣಕ್ಷರ, ನಡುವೆ ಅಡ್ಡಗೆರೆ ಎಂದು ಮಾಡಿಬಿಟ್ಟರೆ ಈ ಗೋಳೇ ಇಲ್ಲ. ರಿಯಾಕ್ಟ್‌ನವರು ಕಾಂಪೊನೆಂಟ್ ಫೈಲಿಗೆ ದೊಡ್ಡಕ್ಷರ ಇಡುವ ರೂಢಿ ಇದೆ, ಗೊತ್ತು. ಆದರೆ ಮೂರು ಬಗೆಯ ಯಂತ್ರ ಇರುವ ತಂಡಕ್ಕೆ ನನ್ನ ಸಲಹೆ ಸಣ್ಣಕ್ಷರವೇ. ಹೆಸರು ಬದಲಿಸುವಾಗ ಗಿಟ್ ಎಂವಿ ಆಜ್ಞೆಯಿಂದಲೇ ಬದಲಿಸಿ. ಇಲ್ಲದಿದ್ದರೆ ಮ್ಯಾಕ್‌ನಲ್ಲಿ ಗಿಟ್‌ಗೆ ಬದಲಾವಣೆ ಆಗಿದ್ದೇ ತಿಳಿಯುವುದಿಲ್ಲ.

ಎರಡನೆಯದು ಆವೃತ್ತಿ. ನೋಡ್‌ನ ಯಾವ ಆವೃತ್ತಿ ಎಂಬುದನ್ನು ಡಾಟ್ ನೋಡ್-ವರ್ಷನ್ ಎಂಬ ಫೈಲಿನಲ್ಲಿ ಬರೆದಿಡಿ. 22, 24 ಹೀಗೆ ಸಮಸಂಖ್ಯೆಯ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಯನ್ನೇ ಆರಿಸಿ, ಅದರಲ್ಲೂ ಹೊಸದನ್ನು. ಎಫ್‌ಎನ್‌ಎಂ ಎಂಬ ಸಾಧನ ನಿಮ್ಮ ಮೂರೂ ಯಂತ್ರಗಳಲ್ಲಿ ಓಡುತ್ತದೆ, ಈ ಫೈಲನ್ನು ಓದಿ ತಾನೇ ಬದಲಿಸಿಕೊಳ್ಳುತ್ತದೆ. ಪ್ಯಾಕೇಜ್ ಜೇಸನ್‌ನಲ್ಲಿ ಎಂಜಿನ್ಸ್ ಎಂಬಲ್ಲಿ ಆವೃತ್ತಿ ಬರೆದರೆ ಸಾಕು ಎಂದು ಕೆಲವರು ಅಂದುಕೊಳ್ಳುತ್ತಾರೆ. ಪ್ಯಾಕೇಜ್‌ಗಳನ್ನು ತಂದು ಹಾಕುವ ಎನ್‌ಪಿಎಂ ಅದನ್ನು ನೋಡಿ ಎಚ್ಚರಿಕೆ ಕೊಟ್ಟು ಸುಮ್ನಾಗುತ್ತದೆ, ಅಷ್ಟೇ. ತಡೆಯಬೇಕಾದರೆ ಡಾಟ್ ಎನ್‌ಪಿಎಂಆರ್‌ಸಿ ಫೈಲಿನಲ್ಲಿ ಎಂಜಿನ್-ಸ್ಟ್ರಿಕ್ಟ್ ಟ್ರೂ ಎಂದು ಹಾಕಬೇಕು.

ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿಡುವ ಪ್ಯಾಕೇಜ್-ಲಾಕ್ ಫೈಲನ್ನು ಕಮಿಟ್ ಮಾಡುತ್ತಿದ್ದೀರಿ ತಾನೇ? ಮರ್ಜ್ ಮಾಡುವಾಗ ಕಿರಿಕಿರಿ ಎಂದು ಅದನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸುವ ಫೈಲುಗಳ ಪಟ್ಟಿಗೆ) ತಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಪ್ಯಾಕೇಜ್ ಜೇಸನ್‌ನಲ್ಲಿ ಆವೃತ್ತಿಯ ಮುಂದೆ ಕ್ಯಾರೆಟ್ ಗುರುತು ಇದ್ದರೆ, ಲಾಕ್ ಇಲ್ಲದ ಕಡೆ ಎನ್‌ಪಿಎಂ ಆ ಹೊತ್ತಿಗೆ ಸಿಗುವ ಹೊಸ ಸಣ್ಣ ಆವೃತ್ತಿಯನ್ನು ತಂದು ಹಾಕುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ಮುಂತಾದ ತುಂಬಾ ಬಳಕೆಯ ಪ್ಯಾಕೇಜ್‌ಗಳ ನಿರ್ವಾಹಕರೊಬ್ಬರು ಮೋಸದ ಇಮೇಲ್‌ಗೆ ಸಿಕ್ಕಿ, ಅವರ ಖಾತೆಯಿಂದ ಕೆಟ್ಟ ಕೋಡ್ ಇದ್ದ ಆವೃತ್ತಿಗಳು ಹೊರಬಂದವು. ಕೆಲವೇ ಗಂಟೆಯಲ್ಲಿ ತೆಗೆದುಹಾಕಿದರು. ಆ ಹೊತ್ತಿನಲ್ಲಿ ಲಾಕ್ ಇಲ್ಲದೆ ಇನ್‌ಸ್ಟಾಲ್ ಮಾಡಿದವರಿಗೆ ಅಪಾಯವಿತ್ತು. ಹಳೆಯ ಲಾಕ್ ಹಿಡಿದು ಎನ್‌ಪಿಎಂ ಸಿಐ ಓಡಿಸಿದವರಿಗೆ ಹಳೆಯ ಆವೃತ್ತಿಯೇ ಬಂತು. ಸಿಐ ಎಂಬ ಈ ಆಜ್ಞೆ ಲಾಕ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹಾಕುತ್ತದೆ. ಲಾಕ್‌ಗೂ ಪ್ಯಾಕೇಜ್ ಜೇಸನ್‌ಗೂ ತಾಳೆಯಾಗದಿದ್ದರೆ ನಿಂತೇಬಿಡುತ್ತದೆ. ಸರ್ವರ್‌ನಲ್ಲಿ ಯಾವಾಗಲೂ ಇದೇ ಇರಲಿ. ಹೊಸ ಪ್ಯಾಕೇಜ್ ಸೇರಿಸುವಾಗ ಮಾತ್ರ ಇನ್‌ಸ್ಟಾಲ್.

ಈಗ ಸೆಮಿಕೋಲನ್. ಕೋಡನ್ನು ತಾನೇ ಒಂದೇ ಶೈಲಿಗೆ ಜೋಡಿಸುವ ಪ್ರೆಟಿಯರ್ ಹಾಕಿ, ಅದು ಹೇಳಿದ್ದನ್ನು ಕೇಳಿ, ಮಾತು ಮುಗಿಸಿ. ಪ್ರೆಟಿಯರ್ ಹೊರಬಂದದ್ದು 2017ರಲ್ಲಿ. ಅದರಲ್ಲಿ ಸೆಟ್ಟಿಂಗ್‌ಗಳು ಕಡಿಮೆ, ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ಗೋ ಭಾಷೆಯವರು ಗೋಫ್ಮ್ಟ್ ಎಂಬ ಇಂಥದ್ದೇ ಸಾಧನದ ಮೂಲಕ ಇದಕ್ಕೂ ಮೊದಲೇ ತೋರಿಸಿದ್ದು ಇದನ್ನೇ: ಶೈಲಿ ಯಾರಿಗೂ ಪೂರ್ತಿ ಇಷ್ಟವಾಗದಿದ್ದರೂ ಪರವಾಗಿಲ್ಲ, ಎಲ್ಲರದೂ ಒಂದೇ ಇದ್ದರೆ ಆಯ್ತು. ಹಾಗಾಗಿ ಪ್ರೆಟಿಯರ್‌ನ ಸೆಟ್ಟಿಂಗ್ ಫೈಲಿನಲ್ಲಿ ಖಾಲಿ ಆವರಣ ಬಿಟ್ಟು ಬೇರೇನೂ ಬರೆಯಬೇಡಿ. 80 ಅಕ್ಷರದ ಸಾಲು, ಎರಡು ಸ್ಪೇಸ್, ಸೆಮಿಕೋಲನ್ ಉಂಟು, ಜೋಡಿ ಉದ್ಧರಣ ಚಿಹ್ನೆ. ನಿಮ್ಮಲ್ಲಿ ಒಬ್ಬರಿಗೆ ಇದು ಹಿಡಿಸದು. ಹಿಡಿಸದಿದ್ದರೂ ಒಂದೆರಡು ವಾರದಲ್ಲಿ ಕಣ್ಣಿಗೆ ಅಭ್ಯಾಸವಾಗುತ್ತದೆ. ಒಂದು ಸೆಟ್ಟಿಂಗ್ ಬದಲಿಸಲು ಬಿಟ್ಟಿರೋ, ಮುಂದಿನ ವಾರ ಎರಡನೆಯದರ ಚರ್ಚೆ ಶುರು.

ಇದನ್ನು ಹಾಕುವ ರೀತಿ ಮಾತ್ರ ಮುಖ್ಯ. ಹೊಸ ಫೀಚರ್ ಬರೆಯುತ್ತಾ ಬರೆಯುತ್ತಾ ಮುಟ್ಟಿದ ಫೈಲನ್ನೆಲ್ಲ ಫಾರ್ಮ್ಯಾಟ್ ಮಾಡುತ್ತಾ ಹೋದರೆ ನಿಮ್ಮ ಈಗಿನ ಕಷ್ಟವೇ ಇನ್ನೂ ಆರು ತಿಂಗಳು ಎಳೆಯುತ್ತದೆ. ಒಂದು ಸಂಜೆ ಗೊತ್ತು ಮಾಡಿ. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳನ್ನೆಲ್ಲ ಮರ್ಜ್ ಮಾಡಿ ಅಥವಾ ಮುಚ್ಚಿ. ಮೂವರೇ ಇರುವುದರಿಂದ ಇದು ಸುಲಭ. ಆಮೇಲೆ ಒಬ್ಬರೇ ಕೂತು ಇಡೀ ಕೋಡ್ ಮೇಲೆ ಪ್ರೆಟಿಯರ್ ಓಡಿಸಿ, ಅದೊಂದನ್ನೇ ಒಂದು ಕಮಿಟ್ ಮಾಡಿ. ಆ ಕಮಿಟ್‌ನಲ್ಲಿ ಕೈಯಿಂದ ಒಂದಕ್ಷರವೂ ತಿದ್ದಬಾರದು.

ಆಗ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಗಿಟ್‌ನ ಬ್ಲೇಮ್ ನೋಡಿದರೆ ಎಲ್ಲ ಸಾಲೂ ಆ ಒಬ್ಬರ ಹೆಸರಿನಲ್ಲಿ ಕಾಣುತ್ತದಲ್ಲ? ಅದಕ್ಕೂ ದಾರಿ ಇದೆ. 2019ರಲ್ಲಿ ಬಂದ ಗಿಟ್ 2.23ರಿಂದ, ಇಂಥ ಕಮಿಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬ್ಲೇಮ್‌ಗೆ ಹೇಳಬಹುದು. ಡಾಟ್ ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಎಂಬ ಫೈಲಿನಲ್ಲಿ ಆ ಕಮಿಟ್‌ನ ಪೂರ್ತಿ ಹ್ಯಾಶ್ (ಗುರುತಿನ ಸಂಖ್ಯೆ) ಬರೆದಿಡಿ. ಗಿಟ್‌ಹಬ್ ಈ ಹೆಸರಿನ ಫೈಲನ್ನು ತಾನೇ ಗುರುತಿಸುತ್ತದೆ. ನಿಮ್ಮ ಯಂತ್ರದಲ್ಲಿ ಬ್ಲೇಮ್ ಇಗ್ನೋರ್-ರೆವ್ಸ್-ಫೈಲ್ ಎಂಬ ಗಿಟ್ ಸೆಟ್ಟಿಂಗ್‌ಗೆ ಇದರ ಹೆಸರು ಕೊಡಬೇಕು. ಸಾಲಿನ ಕೊನೆ ಸರಿ ಮಾಡಿದ ಕಮಿಟ್‌ನ ಹ್ಯಾಶ್ ಕೂಡ ಇಲ್ಲೇ ಸೇರಿಸಿ.

ಇಎಸ್‌ಲಿಂಟ್ ಬೇರೆ ಕೆಲಸಕ್ಕೆ. ಅದು ಅಂದ ನೋಡುವ ಸಾಧನ ಅಂತ ಈಗಲೂ ಹಲವರು ತಿಳಿದಿದ್ದಾರೆ. ಸ್ಪೇಸ್, ಅಲ್ಪವಿರಾಮದ ನಿಯಮಗಳನ್ನು ಇಎಸ್‌ಲಿಂಟ್‌ನವರೇ 2023ರಲ್ಲಿ ಕೈಬಿಡುತ್ತೇವೆ ಎಂದು ಘೋಷಿಸಿದರು. ಉಳಿದದ್ದು ನಿಜವಾದ ತಪ್ಪು ಹಿಡಿಯುವ ಕೆಲಸ: ಬಳಸದ ವೇರಿಯಬಲ್, ಎಲ್ಲೂ ಘೋಷಿಸದ ಹೆಸರು, ರಿಯಾಕ್ಟ್ ಹುಕ್ ತಪ್ಪು ಜಾಗದಲ್ಲಿ. ಅದರ ಶಿಫಾರಸು ಪಟ್ಟಿ, ರಿಯಾಕ್ಟ್ ಹುಕ್ಸ್‌ನ ಪಟ್ಟಿ, ಜೊತೆಗೆ ಹೋಲಿಸುವಾಗ ಮೂರು ಸಮಚಿಹ್ನೆ ಬಳಸಲೇಬೇಕು ಎಂಬ ನಿಯಮ. ಶುರುವಿಗೆ ಇಷ್ಟು ಸಾಕು. ಯಾರೋ ದೊಡ್ಡ ಕಂಪನಿಯವರು ಪ್ರಕಟಿಸಿದ ನೂರಾರು ನಿಯಮಗಳ ಕಟ್ಟನ್ನು ತಂದು ಹಾಕಿಕೊಳ್ಳಬೇಡಿ. ಕೆಂಪು ಗೆರೆ ಜಾಸ್ತಿ ಆದಷ್ಟೂ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ. ಎಚ್ಚರಿಕೆ ಎಂಬ ನಡುವಿನ ದರ್ಜೆಯೂ ಬೇಡ. ತಪ್ಪಾದರೆ ತಪ್ಪು, ಇಲ್ಲದಿದ್ದರೆ ನಿಯಮವೇ ಬೇಡ. ಇನ್ನೊಂದು ಮಾತು: 2024ರಲ್ಲಿ ಬಂದ 9ನೇ ಆವೃತ್ತಿಯಿಂದ ಇಎಸ್‌ಲಿಂಟ್‌ನ ಸೆಟ್ಟಿಂಗ್ ಫೈಲಿನ ರೂಪವೇ ಬದಲಾಗಿದೆ. ಹಳೆಯ ಇಎಸ್‌ಲಿಂಟ್‌ಆರ್‌ಸಿ ಫೈಲ್ ತೋರಿಸುವ ಪಾಠ ಕಂಡರೆ ಮುಂದೆ ಹೋಗಿ. ಜೋಡಿಸುವುದು, ತಪ್ಪು ಹಿಡಿಯುವುದು ಎರಡೂ ಕೆಲಸ ಒಂದೇ ಸಾಧನದಲ್ಲಿ ಬೇಕೆಂದರೆ ಬಯೋಮ್ ಇದೆ, ವೇಗವಾಗಿಯೂ ಇದೆ. ಯಾವುದಾದರೂ ಒಂದು ಹಿಡಿಯಿರಿ.

ಇವನ್ನೆಲ್ಲ ಯಾರು ಓಡಿಸಬೇಕು? ಹಸ್ಕಿ, ಲಿಂಟ್-ಸ್ಟೇಜ್ಡ್ ಎಂಬ ಸಾಧನಗಳನ್ನು ಹಾಕಿದರೆ ಕಮಿಟ್ ಮಾಡುವಾಗ ಬದಲಾದ ಫೈಲಿನ ಮೇಲಷ್ಟೇ ಓಡುತ್ತವೆ. ಇದು ಅನುಕೂಲ, ಕಾವಲು ಅಲ್ಲ. ನೋ-ವೆರಿಫೈ ಎಂದು ಹಾಕಿದರೆ ಯಾರು ಬೇಕಾದರೂ ದಾಟಿ ಹೋಗಬಹುದು. ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿರುವವರು ದಾಟಿಯೇ ಹೋಗುತ್ತಾರೆ. ನಿಜವಾದ ಗೇಟು, ಪರೀಕ್ಷೆಗಳನ್ನು ತಾನೇ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಂಥ ಕಡೆ ಇರಬೇಕು: ಎನ್‌ಪಿಎಂ ಸಿಐ, ಪ್ರೆಟಿಯರ್ ಚೆಕ್, ಇಎಸ್‌ಲಿಂಟ್, ಟೆಸ್ಟ್, ಬಿಲ್ಡ್. ಮುಖ್ಯ ಬ್ರಾಂಚ್‌ಗೆ ಇದು ಹಸಿರಾಗದೆ ಏನೂ ಸೇರದಂತೆ ಬೀಗ ಹಾಕಿ, ನಿಮಗೂ ಸೇರಿಸಿ. ಅದನ್ನು ಉಬುಂಟು ಮೇಲೆ ಓಡಿಸಿ. ಫೈಲ್ ಹೆಸರಿನ ದೊಡ್ಡಕ್ಷರದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಯಂತ್ರದ ಪಾಲು ಇಲ್ಲಿಗೆ ಮುಗಿಯಿತು. ಒಂದು ವಾರಾಂತ್ಯದ ಕೆಲಸ.

ಇನ್ನು ನೀವೇ ಕೂತು ಜಗಳ ಆಡಬೇಕಾದ ಭಾಗ. ನಿಮ್ಮ ಕೋಡ್ ನಾನು ನೋಡಿಲ್ಲ. ಆದರೂ ಒಂದು ಪಂಥ ಕಟ್ಟುತ್ತೇನೆ. ಹಾಲು ಹಾಕುವವರಿಗೆ ಒಂದು ಕಡೆ ಮೆಂಬರ್, ಇನ್ನೊಂದು ಕಡೆ ಫಾರ್ಮರ್, ಡೇಟಾಬೇಸ್‌ನಲ್ಲಿ ಪ್ರೊಡ್ಯೂಸರ್, ಮತ್ತೆಲ್ಲೋ ಯೂಸರ್ ಎಂದು ಇರುತ್ತದೆ, ಅಲ್ವಾ? ಪ್ರೆಟಿಯರ್ ಇದನ್ನು ಚೆನ್ನಾಗಿ ಜೋಡಿಸಿ ಕೊಡುತ್ತದೆ, ಸರಿ ಮಾಡುವುದಿಲ್ಲ. ಆ್ಯಪ್‌ಗೆ ಲಾಗಿನ್ ಆಗುವ ಕಾರ್ಯದರ್ಶಿಯೂ ಯೂಸರ್, ಹಾಲು ಹಾಕುವ ಸದಸ್ಯರೂ ಯೂಸರ್ ಆದರೆ ಇವತ್ತಲ್ಲ ನಾಳೆ ಒಬ್ಬರ ಪಾಸ್‌ಬುಕ್ ಇನ್ನೊಬ್ಬರಿಗೆ ಕಾಣುತ್ತದೆ. ಸಂಘದಲ್ಲಿ ಜನ ಏನನ್ನುತ್ತಾರೋ ಅದನ್ನೇ ಹಿಡಿಯಿರಿ. ಸದಸ್ಯ, ಸರದಿ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಬಟವಾಡೆ. ಪ್ರತಿಯೊಂದಕ್ಕೂ ಕೋಡ್‌ನಲ್ಲಿ ಒಂದೇ ಹೆಸರು. ಅರ್ಧ ಪುಟದ ಪಟ್ಟಿ ಮಾಡಿ ರೀಡ್‌ಮಿ ಫೈಲಿನಲ್ಲೇ ಹಾಕಿ.

ದಿನಾಂಕಕ್ಕೆ ಬನ್ನಿ. ಇದು ನಿಮ್ಮ ಆ್ಯಪ್‌ಗೆ ಜೀವ ಹೋಗುವ ವಿಷಯ. ಇವತ್ತಿನ ತಾರೀಕು ಬೇಕೆಂದಾಗ ಜಾವಾಸ್ಕ್ರಿಪ್ಟ್‌ನಲ್ಲಿ ಎಲ್ಲರೂ ಬರೆಯುವುದು ಟುಐಎಸ್‌ಒಸ್ಟ್ರಿಂಗ್, ಅದರ ಮೊದಲ ಹತ್ತು ಅಕ್ಷರ ಕತ್ತರಿಸುವುದು. ಆ ಫಂಕ್ಷನ್ ಕೊಡುವುದು ಯುಟಿಸಿ ಎಂಬ ಜಾಗತಿಕ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಬೆಳಗ್ಗೆ 5:30ಕ್ಕೆ ಮುಂಚೆ ಅಳೆದ ಹಾಲೆಲ್ಲ ನಿನ್ನೆಯ ತಾರೀಕಿಗೆ ಹೋಗುತ್ತದೆ! ಹತ್ತು ಗಂಟೆಗೆ ಎದ್ದು ಆಫೀಸಿನಲ್ಲಿ ಟೆಸ್ಟ್ ಮಾಡುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ. ತಾರೀಕು ತೆಗೆಯುವ ಕೆಲಸ ಒಂದೇ ಫೈಲಿನಲ್ಲಿರಲಿ, ಏಷ್ಯಾ/ಕೋಲ್ಕತಾ ಸಮಯವಲಯ ಕೊಟ್ಟು ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೌಲಭ್ಯದ ಮೂಲಕ ತೆಗೆಯಿರಿ. ಆಮೇಲೆ ಇಎಸ್‌ಲಿಂಟ್‌ನ ನೋ-ರಿಸ್ಟ್ರಿಕ್ಟೆಡ್-ಪ್ರಾಪರ್ಟೀಸ್ ನಿಯಮದಲ್ಲಿ ಟುಐಎಸ್‌ಒಸ್ಟ್ರಿಂಗ್ ಹೆಸರು ಬರೆದು, ಆ ಒಂದು ಫೈಲ್ ಬಿಟ್ಟು ಬೇರೆಲ್ಲೂ ಬಳಸದಂತೆ ಮಾಡಿ. ನಿಮ್ಮ ಆ್ಯಪ್‌ಗೆಂದೇ ಬರೆದ ಇಂಥ ಒಂದು ನಿಯಮ, ತಂದು ಸುರಿದ ಐವತ್ತು ನಿಯಮಕ್ಕಿಂತ ಮೇಲು.

ದುಡ್ಡೂ ಹಾಗೇ. ಜಾವಾಸ್ಕ್ರಿಪ್ಟ್‌ನಲ್ಲಿ 4.35 ಅನ್ನು 100ರಿಂದ ಗುಣಿಸಿ ನೋಡಿ. 434.99999999999994 ಬರುತ್ತದೆ. ಕೆಳಗಿನ ಪೂರ್ಣಾಂಕಕ್ಕೆ ಇಳಿಸಿದರೆ ಒಂದು ಪೈಸೆ ಮಾಯ. ಹಣವನ್ನು ಪೈಸೆಯಲ್ಲೇ, ಪೂರ್ಣಾಂಕವಾಗಿ ಇಡಿ. ತೋರಿಸುವಾಗ ಮಾತ್ರ ರೂಪಾಯಿ. ಪೈಸೆ ಇಡುವ ವೇರಿಯಬಲ್‌ಗಳ ಹೆಸರೆಲ್ಲ ಪೈಸೆ ಎಂದೇ ಮುಗಿಯಲಿ. ಆಗ ರೂಪಾಯಿಗೆ ಪೈಸೆ ಕೂಡಿಸುವ ಸಾಲು ರಿವ್ಯೂ ಮಾಡುವವರ ಕಣ್ಣಿಗೆ ತಾನಾಗಿ ಚುಚ್ಚುತ್ತದೆ.

ಕನ್ನಡದ ಹೆಸರುಗಳಿಗೂ ಒಂದು ನಿಯಮ ಬೇಕು. ಗೋಪಾಲ ಎಂಬ ಹೆಸರಿನ ಗೋ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಥರ ಕೂಡಿಸಬಹುದು. ಗ ಜೊತೆಗೆ ಓಕಾರದ ಒಂದೇ ಸಂಕೇತ, ಅಥವಾ ಗ ಜೊತೆಗೆ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಬಿಡಿ ಸಂಕೇತ. ಪರದೆಯ ಮೇಲೆ ಎರಡೂ ಒಂದೇ. ಜಾವಾಸ್ಕ್ರಿಪ್ಟ್‌ಗೆ ಒಂದರ ಉದ್ದ 2, ಇನ್ನೊಂದರ ಉದ್ದ 4. ಹುಡುಕಿದರೆ ಸಿಗುವುದಿಲ್ಲ, ಒಬ್ಬರೇ ಸದಸ್ಯರು ಎರಡು ಸಲ ಸೇರಿಕೊಂಡಿರುತ್ತಾರೆ. ಬೇರೆ ಬೇರೆ ಕಡೆಯಿಂದ ಆಮದು ಮಾಡಿದ ಹಳೆಯ ಪಟ್ಟಿಗಳಲ್ಲಿ ಇದು ಬರುವುದುಂಟು. ಹೊರಗಿನಿಂದ ಬರುವ ಪಠ್ಯವನ್ನೆಲ್ಲ ಬಾಗಿಲಲ್ಲೇ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಕೂಡಿಸಿದ) ರೂಪಕ್ಕೆ ನಾರ್ಮಲೈಜ್ ಮಾಡಿ. ಪೋಸ್ಟ್‌ಗ್ರೆಸ್ 13ರಿಂದ ಡೇಟಾಬೇಸ್‌ನಲ್ಲೇ ಇದನ್ನು ಪರೀಕ್ಷಿಸುವ ಸೌಲಭ್ಯವಿದೆ, ಟೇಬಲ್‌ಗೆ ಚೆಕ್ ಆಗಿ ಹಾಕಬಹುದು. ಅರ್ಕ, ಒತ್ತು ಬಿಡಿಸಲು ನಾವು ಒತ್ತುವ ಆ ಕಾಣದ ಜಡ್‌ಡಬ್ಲ್ಯೂಎನ್‌ಜೆ ಮಾತ್ರ ಇದರಿಂದ ಹೋಗುವುದಿಲ್ಲ. ಹೆಸರಿನಲ್ಲಿ ಅದು ಇರಲಿ, ಹುಡುಕಾಟಕ್ಕೆಂದು ಬೇರೆ ಕಾಲಂ ಇಟ್ಟು ಅಲ್ಲಿ ತೆಗೆದುಹಾಕಿ.

ಫೋಲ್ಡರ್ ವಿಷಯ ಚುಟುಕಾಗಿ: ಕಾಂಪೊನೆಂಟ್ಸ್, ಹುಕ್ಸ್, ಯುಟಿಲ್ಸ್ ಎಂದು ಜಾತಿವಾರು ವಿಂಗಡಿಸುವ ಬದಲು ಸದಸ್ಯರು, ಹಾಲು ಸಂಗ್ರಹ, ಬಟವಾಡೆ ಎಂದು ಕೆಲಸದ ಪ್ರಕಾರ ವಿಂಗಡಿಸಿ. ಯುಟಿಲ್ಸ್ ಫೋಲ್ಡರ್ ಮನೆಯ ಅಟ್ಟದ ಹಾಗೆ, ಹೋದದ್ದು ಕೆಳಗೆ ಬರುವುದಿಲ್ಲ. ಈಗಿರುವುದನ್ನು ಒಂದೇ ಸಲ ಸಾಗಿಸಬೇಡಿ, ಮುಟ್ಟಿದಾಗ ಮುಟ್ಟಿದಾಗ ಸಾಗಿಸಿ.

ನಾಲ್ಕನೆಯವರು ಬಂದಾಗ ಯಾರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ರೀಡ್‌ಮಿ ಓದಿ ಅವರೇ ಪ್ರಾಜೆಕ್ಟ್ ಓಡಿಸಲಿ. ಎಲ್ಲಿ ಸಿಕ್ಕಿಹಾಕಿಕೊಂಡರೋ ಆ ಜಾಗ ತಿದ್ದುವುದೇ ಅವರ ಮೊದಲ ಪುಲ್ ರಿಕ್ವೆಸ್ಟ್. ಪಾಸ್‌ವರ್ಡ್ ಇಲ್ಲದ ಮಾದರಿ ಎನ್ವ್ (ಸೆಟ್ಟಿಂಗ್‌ಗಳ) ಫೈಲ್ ಒಂದು, ಪೋಸ್ಟ್‌ಗ್ರೆಸ್ ಎಬ್ಬಿಸುವ ಡಾಕರ್ ಕಂಪೋಸ್ ಫೈಲ್ ಒಂದು ಇದ್ದರೆ ಅವರ ಅರ್ಧ ದಿನ ಉಳಿಯುತ್ತದೆ.

ಕೊನೆಗೆ ಟೈಪ್‌ಸ್ಕ್ರಿಪ್ಟ್. ಹೌದು, ಹೋಗಿ. ಆದರೆ ಮೇಲಿನದೆಲ್ಲ ಆದ ಮೇಲೆ. ನಿಮಗೆ ಅದು ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಸಾಕು. ನೋಡ್‌ನ ಪಿಜಿ ಲೈಬ್ರರಿ ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ ಮತ್ತು ಬಿಗ್‌ಇಂಟ್ ಕಾಲಂಗಳನ್ನು ಸ್ಟ್ರಿಂಗ್ (ಪಠ್ಯ) ಆಗಿ ಕೊಡುತ್ತದೆ, ಸಂಖ್ಯೆಯಾಗಿ ಅಲ್ಲ. 35.50ಕ್ಕೆ 4.00 ಕೂಡಿಸಿದರೆ 35.504.00 ಎಂದು ಅಂಟಿಕೊಂಡು ಬರುತ್ತದೆ. ಪೈಸೆಯನ್ನು ಮಾಮೂಲಿ ಇಂಟಿಜರ್ ಕಾಲಂನಲ್ಲಿಟ್ಟರೆ ಸಂಖ್ಯೆಯೇ ಬರುತ್ತದೆ, ಸರಿ. ಆದರೆ ಅದೇ ಕಾಲಂ ಮೇಲೆ ಸಮ್ ಹಾಕಿದರೆ ಪೋಸ್ಟ್‌ಗ್ರೆಸ್ ಉತ್ತರವನ್ನು ಬಿಗ್‌ಇಂಟ್ ಮಾಡುತ್ತದೆ, ಮತ್ತೆ ಸ್ಟ್ರಿಂಗ್. ಟೈಪ್‌ಸ್ಕ್ರಿಪ್ಟ್ ಡೇಟಾಬೇಸ್‌ನ ಒಳಗೆ ಇಣುಕಿ ನೋಡುವುದಿಲ್ಲ. ಡೇಟಾಬೇಸ್‌ನಿಂದ ಬಂದದ್ದನ್ನು ಓದುವ ಫೈಲಿನಲ್ಲಿ ನೀವು ಸ್ಟ್ರಿಂಗ್ ಎಂದು ಸರಿಯಾಗಿ ಬರೆದಿಟ್ಟರೆ, ಅಲ್ಲಿಂದಾಚೆಗೆ ಅದನ್ನು ಸಂಖ್ಯೆ ಎಂದು ಬಳಸಿದ ಜಾಗವನ್ನೆಲ್ಲ ಅದು ಹಿಡಿದು ತೋರಿಸುತ್ತದೆ.

ಹಾಗಾಗಿ ಟೈಪ್‌ಸ್ಕ್ರಿಪ್ಟ್‌ನ ಅಲೌ-ಜೆಎಸ್ (ಜಾವಾಸ್ಕ್ರಿಪ್ಟ್ ಫೈಲೂ ಇರಲಿ) ಮತ್ತು ಸ್ಟ್ರಿಕ್ಟ್ (ತಪಾಸಣೆ ಬಿಗಿಯಾಗಿರಲಿ) ಸೆಟ್ಟಿಂಗ್ ಎರಡನ್ನೂ ಮೊದಲ ದಿನವೇ ಹಾಕಿ. ಹಳೆಯ ಜಾವಾಸ್ಕ್ರಿಪ್ಟ್ ಫೈಲುಗಳು ಹಾಗೇ ಓಡುತ್ತವೆ, ಹೊಸ ಫೈಲು ಮಾತ್ರ ಟೈಪ್‌ಸ್ಕ್ರಿಪ್ಟ್. ಸಾಗಿಸುವುದನ್ನು ಡೇಟಾಬೇಸ್ ಓದುವ ಫೈಲು, ದುಡ್ಡಿನ ಫೈಲು, ತಾರೀಕಿನ ಫೈಲುಗಳಿಂದ ಶುರು ಮಾಡಿ. ಸಾಗಿಸುವ ಪುಲ್ ರಿಕ್ವೆಸ್ಟ್‌ನಲ್ಲಿ ಬೇರೆ ಬದಲಾವಣೆ ಸೇರಿಸಬೇಡಿ. ಎನಿ (ಯಾವ ಬಗೆಯಾದರೂ ಸರಿ) ಎಂದು ಬರೆಯಲೇಬೇಕಾದ ಕಡೆ ಏಕೆ ಎಂದು ಪಕ್ಕದಲ್ಲೇ ಒಂದು ಸಾಲು ಟಿಪ್ಪಣಿ ಇರಲಿ. ರಿಯಾಕ್ಟ್ ಪರದೆಗಳು ಕೊನೆಗೆ ಬಂದರೂ ನಡೆಯುತ್ತದೆ, ಕೆಲವು ಬಾರದೇ ಹೋದರೂ ನಡೆಯುತ್ತದೆ.